ಪರೀಕ್ಷೆ ಮಾರುಕಟ್ಟೆಗೆ ಬರುವ ಮೊದಲು: ಕೇಂದ್ರ ಮೇಲ್ವಿಚಾರಣಾ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ನಿಷೇಧ) ಕಾಯ್ದೆಯ ಕೇಂದ್ರ ಮೇಲ್ವಿಚಾರಣಾ ಮಂಡಳಿ,
ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯ, ನವದೆಹಲಿ

ಮಾನ್ಯರೇ,

ನಿಮ್ಮ ಮಂಡಳಿಯ ಹೆಸರು ಕೇಳಿರುವ ಗರ್ಭಿಣಿಯರು ಹೆಚ್ಚು ಇರಲಾರರು. ಆದರೆ ಸ್ಕ್ಯಾನಿಂಗ್ ಕೇಂದ್ರದ ಮೆಟ್ಟಿಲು ಹತ್ತಿದವರೆಲ್ಲರೂ ನಿಮ್ಮ ಕಾಯ್ದೆಯ ಫಲಕದ ಕೆಳಗೆ ಕುಳಿತು ಸರದಿ ಕಾದವರೇ: ‘ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡಲಾಗುವುದಿಲ್ಲ’. ಅದೇ ಕಾಯ್ದೆಯ 4ನೇ ಕಲಮಿನಲ್ಲಿ ಪ್ರಸವಪೂರ್ವ ಪರೀಕ್ಷೆಯನ್ನು ಯಾವ ಯಾವ ಕಾರಣಕ್ಕೆ ಮಾಡಬಹುದು ಎಂಬ ಪಟ್ಟಿಯಿದೆ. ವರ್ಣತಂತುಗಳ ದೋಷ, ಆನುವಂಶಿಕ ಚಯಾಪಚಯ ರೋಗ, ಹಿಮೋಗ್ಲೋಬಿನ್ ಸಂಬಂಧಿ ಕಾಯಿಲೆ, ಲಿಂಗಸಂಬಂಧಿ ಆನುವಂಶಿಕ ರೋಗ, ಹುಟ್ಟಿನಿಂದ ಬರುವ ಅಂಗದೋಷ. ಆರನೆಯದಾಗಿ ಒಂದು ತೆರೆದ ಸಾಲು: ನಿಮ್ಮ ಮಂಡಳಿ ನಿರ್ದಿಷ್ಟಪಡಿಸುವ ಇತರ ಯಾವುದೇ ವೈಪರೀತ್ಯ ಅಥವಾ ರೋಗ.

ಮಾತು, ಒಡನಾಟ, ಸಂವೇದನೆಗಳು ಬೇರೆಯದೇ ರೀತಿಯಲ್ಲಿ ಬೆಳೆಯುವ ಆಟಿಸಂ ಅನ್ನು ಆ ಆರನೆಯ ಸಾಲಿನೊಳಕ್ಕೆ ಸೇರಿಸಬೇಡಿ ಎಂದು ಕೇಳಲು ಬರೆಯುತ್ತಿದ್ದೇನೆ. ಅದರ ಜೊತೆಗೆ, ಅದು ಮೊದಲನೆಯ ಸಾಲಿನ ಮೂಲಕ ಸದ್ದಿಲ್ಲದೆ ಒಳಗೆ ಬರುತ್ತಿರುವುದನ್ನು ಗಮನಿಸಿ ಎಂದು ಹೇಳಲು.

ನಾನು ವೈದ್ಯೆಯಲ್ಲ, ವಕೀಲೆಯೂ ಅಲ್ಲ. ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಆಟಿಸಂ ಇರುವ ತಮ್ಮನ ಅಕ್ಕ. ‘ಕುಟುಂಬದಲ್ಲಿ ಬುದ್ಧಿಮಾಂದ್ಯದ ಇತಿಹಾಸ’ ಇರುವ ಗರ್ಭಿಣಿಗೆ ಪರೀಕ್ಷೆ ಮಾಡಬಹುದು ಎಂದು ನಿಮ್ಮ ಕಾಯ್ದೆ ಹೇಳುವಾಗ ಅದು ನನ್ನಂಥವಳ ಬಗ್ಗೆಯೇ ಹೇಳುತ್ತಿದೆ.

ಇಂದು ಜಗತ್ತಿನಲ್ಲಿ ಎಲ್ಲಿಯೂ ಹುಟ್ಟುವ ಮೊದಲೇ ಆಟಿಸಂ ಅನ್ನು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಇಲ್ಲದ ಪರೀಕ್ಷೆಗೆ ಈಗಲೇ ಪತ್ರವೇಕೆ ಎಂದು ನೀವು ಕೇಳಬಹುದು. 1970ರ ದಶಕದ ನಡುವಿನಲ್ಲಿ ಗರ್ಭಜಲ ತೆಗೆದು ಪರೀಕ್ಷಿಸುವ ಆಮ್ನಿಯೋಸೆಂಟೆಸಿಸ್ ದೆಹಲಿಯ ಏಮ್ಸ್‌ನಲ್ಲಿ ಆರಂಭವಾದದ್ದು ಭ್ರೂಣದ ಆನುವಂಶಿಕ ದೋಷಗಳನ್ನು ಹುಡುಕಲು. ಕೆಲವೇ ವರ್ಷಗಳಲ್ಲಿ ಅದು ಹೆಣ್ಣನ್ನು ಹುಡುಕುವ ಸಾಧನವಾಯಿತು. ಮಹಾರಾಷ್ಟ್ರ 1988ರಲ್ಲಿ ಕಾನೂನು ಮಾಡಿತು. ಸಂಸತ್ತು 1994ರಲ್ಲಿ ಮಾಡಿದ ಕಾಯ್ದೆ ಜಾರಿಗೆ ಬಂದದ್ದು 1996ರಲ್ಲಿ. 1991ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927. ತಂತ್ರಜ್ಞಾನ ಬಂದು ಎರಡು ದಶಕಗಳಾದ ಮೇಲೆ ಎದ್ದ ಕಾನೂನು ಅದರ ಹಿಂದೆ ಓಡುತ್ತಲೇ ಇದೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು, ತನಿಖೆ ಸಿಐಡಿಗೆ ಹೋಯಿತು. ಬೆಲ್ಲ ತಯಾರಾಗುವ ಜಾಗದಲ್ಲಿ ಆ ಯಂತ್ರ ಇತ್ತೆಂಬ ಸುದ್ದಿಯನ್ನು ಓದಿದ ದಿನ ನನಗೆ ಅಚ್ಚರಿಯೇನೂ ಆಗಲಿಲ್ಲ. ನಮ್ಮ ಜಿಲ್ಲೆಗಳ ಬಗ್ಗೆ ಗೊತ್ತಿರುವ ಯಾರಿಗೂ ಆಗಿರಲಾರದು.

ಇನ್ನು ವಿಜ್ಞಾನ. ಆಟಿಸಂಗೆ ಒಂದೇ ಜೀನ್ ಇಲ್ಲ. ನೂರಕ್ಕೂ ಹೆಚ್ಚು ಜೀನ್‌ಗಳೊಂದಿಗೆ ಅದರ ನಂಟನ್ನು ಗುರುತಿಸಲಾಗಿದೆ. ಅವುಗಳಾಚೆ ಒಂದೊಂದಾಗಿ ನೋಡಿದರೆ ಲೆಕ್ಕಕ್ಕೇ ಬಾರದ ಸಾವಿರಾರು ಸಣ್ಣ ವ್ಯತ್ಯಾಸಗಳು ಒಟ್ಟುಗೂಡಿ ಕೆಲಸ ಮಾಡುತ್ತವೆ. ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ 20 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ನೋಡಿದ 2019ರ ಅಧ್ಯಯನವೊಂದು ಆಟಿಸಂನಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ 80 ಎಂದಿತು. ಇದನ್ನು ಓದಿದವರು ಜೀನ್ ಪರೀಕ್ಷೆ ಮಾಡಿದರೆ ಶೇ 80ರಷ್ಟು ನಿಖರವಾಗಿ ತಿಳಿಯುತ್ತದೆ ಎಂದುಕೊಳ್ಳುತ್ತಾರೆ. ನನ್ನ ಬಿ.ಎಸ್ಸಿ. ವಿದ್ಯಾರ್ಥಿಗಳೂ ಮೊದಲ ಓದಿಗೆ ಹಾಗೆಯೇ ಹೇಳುತ್ತಾರೆ. ಆ ಸಂಖ್ಯೆ ಇಡೀ ಜನಸಮುದಾಯದಲ್ಲಿ ಕಾಣುವ ವ್ಯತ್ಯಾಸವನ್ನು ವಿವರಿಸುತ್ತದೆ. ಹೊಟ್ಟೆಯಲ್ಲಿರುವ ಒಂದು ಮಗುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಾಗೆ ಹೇಳಿದರೂ, ಆ ಮಗು ಮಾತೇ ಬಾರದೆ ದಿನವಿಡೀ ಒಬ್ಬರ ಆಸರೆಯಲ್ಲಿ ಬದುಕಬೇಕಾಗುವುದೋ, ಮುಂದೊಂದು ದಿನ ನನ್ನ ಪಕ್ಕದ ಕೊಠಡಿಯಲ್ಲಿ ಭೌತಶಾಸ್ತ್ರ ಪಾಠ ಮಾಡುವುದೋ ಎಂಬುದನ್ನು ಹೇಳಲಾರದು. ಎರಡಕ್ಕೂ ಇರುವ ಹೆಸರು ಒಂದೇ.

ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆಯದು ಬೇರೆಯ ಮಾತು. ಅಲ್ಲಿ ಎಫ್‌ಎಂಆರ್1 ಎಂಬ ಒಂದು ಜೀನ್‌ನಲ್ಲಿ ಒಂದೇ ತುಣುಕು 200ಕ್ಕೂ ಹೆಚ್ಚು ಸಲ ಮರುಕಳಿಸಿರುತ್ತದೆ, ಅದನ್ನು ಭ್ರೂಣದಲ್ಲೂ ನಿಖರವಾಗಿ ಎಣಿಸಬಹುದು. ಬೌದ್ಧಿಕ ಬೆಳವಣಿಗೆಗೆ ಆಗುವ ತೊಂದರೆಯೂ ಬಹುಮಟ್ಟಿಗೆ ತಿಳಿದಿರುವಂಥದ್ದು. ಅಂಥ ಮಕ್ಕಳಲ್ಲಿ ಅನೇಕರಿಗೆ ಆಟಿಸಂ ಕೂಡ ಇರುತ್ತದೆ. ಆ ಕಾಯಿಲೆಯ ಮಗುವನ್ನು ಈಗಾಗಲೇ ಸಾಕುತ್ತಿರುವ ತಾಯಿ ಮುಂದಿನ ಬಸಿರಿನಲ್ಲಿ ಪರೀಕ್ಷೆ ಬೇಕೆಂದರೆ ಬೇಡವೆನ್ನುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ನನ್ನ ತಕರಾರು ಇರುವುದು ಊಹೆಯನ್ನು ಅಂಕೆಯಾಗಿಸಿ ಮಾರುವುದರ ಬಗ್ಗೆ.

ಒಂದು ಲೆಕ್ಕ ಮಾಡೋಣ. ನೂರು ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆಯೆಂದು ಇಟ್ಟುಕೊಳ್ಳಿ. ನಾಳೆ ಒಂದು ಕಂಪನಿ ಶೇ 95ರಷ್ಟು ನಿಖರವಾದ ರಕ್ತಪರೀಕ್ಷೆಯನ್ನು ತರುತ್ತದೆ ಎಂದೂ ಉದಾರವಾಗಿ ಒಪ್ಪಿಕೊಳ್ಳಿ. ಹತ್ತು ಸಾವಿರ ಗರ್ಭಿಣಿಯರು ಪರೀಕ್ಷೆ ಮಾಡಿಸುತ್ತಾರೆ. ಆಟಿಸಂ ಇರುವ 100 ಭ್ರೂಣಗಳಲ್ಲಿ 95 ಸಿಕ್ಕಿಬೀಳುತ್ತವೆ. ಇಲ್ಲದ 9,900ರಲ್ಲಿ ಶೇ 5, ಅಂದರೆ 495 ಭ್ರೂಣಗಳಿಗೂ ‘ಇದೆ’ ಎಂಬ ಫಲಿತಾಂಶವೇ ಬರುತ್ತದೆ. ಕೆಂಪು ಗೆರೆ ಎಳೆಸಿಕೊಂಡ 590 ಮಂದಿಯಲ್ಲಿ 495 ಮಂದಿಯದು ಸುಳ್ಳು ಫಲಿತಾಂಶ. ಆರರಲ್ಲಿ ಐದು! ಜಾಹೀರಾತಿನಲ್ಲಿ ಮಾತ್ರ ‘ಶೇ 95 ನಿಖರ’ ಎಂದೇ ಇರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ.

ಇದು ತರಗತಿಯ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ತಾಯಿಯ ರಕ್ತದಲ್ಲಿ ತೇಲುವ ಭ್ರೂಣದ ಡಿಎನ್‌ಎ ತುಣುಕುಗಳನ್ನು ನೋಡುವ ಎನ್‌ಐಪಿಟಿ ಪರೀಕ್ಷೆ ಡೌನ್ ಸಿಂಡ್ರೋಮ್ ವಿಷಯದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದೇ ಪರೀಕ್ಷೆಯ ಪ್ಯಾಕೇಜಿಗೆ ಕಂಪನಿಗಳು ವರ್ಣತಂತುಗಳ ಅತಿಸಣ್ಣ ತುಂಡುಗಳು ಬಿಟ್ಟುಹೋಗಿರುವ ಅಪರೂಪದ ಸ್ಥಿತಿಗಳನ್ನೂ ಒಂದೊಂದಾಗಿ ಸೇರಿಸುತ್ತ ಬಂದವು. ಅಂಥ ಕೆಲವು ಪರೀಕ್ಷೆಗಳಲ್ಲಿ ‘ಇದೆ’ ಎಂದು ಬಂದ ಫಲಿತಾಂಶಗಳ ಪೈಕಿ ಸುಮಾರು ಶೇ 85 ತಪ್ಪು ಎಂದು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಫಲಿತಾಂಶವೊಂದನ್ನೇ ನಂಬಿ ಗರ್ಭದ ಬಗ್ಗೆ ತೀರ್ಮಾನ ಮಾಡಬೇಡಿ ಎಂದು ಎಚ್ಚರಿಸಿತು.

ಮೊದಲನೆಯ ಸಾಲಿನ ಮಾತು ಬರುವುದು ಇಲ್ಲಿಯೇ. 16ನೇ ವರ್ಣತಂತುವಿನ ಒಂದು ಪುಟ್ಟ ಭಾಗ ಇಲ್ಲದಿರುವುದಕ್ಕೂ ಆಟಿಸಂಗೂ ನಂಟಿದೆ. ವರ್ಣತಂತುಗಳ ಸಣ್ಣ ಕೊರತೆಗಳನ್ನೂ ಹುಡುಕುವ ಮೈಕ್ರೊಅರೇ ಪರೀಕ್ಷೆಯಲ್ಲಿ ಅದು ಕಾಣುತ್ತದೆ. ಹಾಗಿರುವ ಎಷ್ಟೋ ಜನರಿಗೆ ಆಟಿಸಂ ಇರುವುದಿಲ್ಲ. ಕೆಲವೊಮ್ಮೆ ಆರೋಗ್ಯವಾಗಿರುವ ತಂದೆಯಲ್ಲಿಯೋ ತಾಯಿಯಲ್ಲಿಯೋ ಅದೇ ಕೊರತೆ ಇರುವುದು ಆಮೇಲೆ ತಿಳಿಯುತ್ತದೆ. ಆದರೆ ಕಾಯ್ದೆಯ ಪ್ರಕಾರ ಅದು ‘ವರ್ಣತಂತುಗಳ ದೋಷ’. ಹೃದಯದಲ್ಲಿ ಏನೋ ಕಂಡಿತೆಂದು ಮಾಡಿಸಿದ ಪರೀಕ್ಷೆಯ ವರದಿಯಲ್ಲಿ ‘ಆಟಿಸಂ’ ಎಂಬ ಒಂದು ಪದ ಬಂದು ಕುಳಿತರೆ, ಐದನೇ ತಿಂಗಳಲ್ಲಿ ತಾಯಿ ಕಾರ್ಡ್ ಹಿಡಿದು ನಿಂತಿರುವ ಹೆಣ್ಣುಮಗಳಿಗೆ ಅದರ ಅರ್ಥವನ್ನು ಯಾರು ಬಿಡಿಸಿ ಹೇಳುತ್ತಾರೆ? ನಮ್ಮ ಜಿಲ್ಲೆಗಳಲ್ಲಿ ಆನುವಂಶಿಕ ಆಪ್ತಸಮಾಲೋಚಕರು ಎಂದರೆ ಏನೆಂದೇ ಜನರಿಗೆ ತಿಳಿಯದು. ಬಹಳಷ್ಟು ಸಲ ವಿವರಿಸುವವರು ಆ ಪ್ರಯೋಗಾಲಯದ ಪ್ರತಿನಿಧಿಯೇ.

ಈಗ ನನ್ನ ತಮ್ಮ. ಆಟಿಸಂ ಪರವಾಗಿ ಬರೆಯುವವರು ಇಂಥ ಕಡೆ ಒಬ್ಬ ಮೇಧಾವಿಯನ್ನು ಕರೆತರುವ ವಾಡಿಕೆಯಿದೆ. 2009ರಲ್ಲಿ ಕೇಂಬ್ರಿಜ್‌ನ ಆಟಿಸಂ ಸಂಶೋಧಕ ಸೈಮನ್ ಬ್ಯಾರನ್-ಕೊಹೆನ್ ಕೂಡ ಇಂಥ ಪರೀಕ್ಷೆ ಬಂದರೆ ಗಣಿತದ ಪ್ರತಿಭೆಗಳನ್ನು ಕಳೆದುಕೊಂಡೇವು ಎಂದು ಎಚ್ಚರಿಸುತ್ತ ಭೌತವಿಜ್ಞಾನಿ ಪಾಲ್ ಡಿರಾಕ್ ಹೆಸರನ್ನು ಎತ್ತಿದ್ದರು. ನನಗೆ ಈ ವಾದ ಒಗ್ಗುವುದಿಲ್ಲ. ನನ್ನ ತಮ್ಮ ಡಿರಾಕ್ ಅಲ್ಲ. ಹತ್ತರ ಮೇಲೆ ಕೂಡಿಸಲು ಅವನಿಗೆ ಬಾರದು. ಎರಡು-ಮೂರು ಪದಗಳ ವಾಕ್ಯಗಳಲ್ಲಿ ಮಾತಾಡುತ್ತಾನೆ, ಬೇಕೆನಿಸಿದಾಗ ಮಾತ್ರ. ಮಿಕ್ಸಿಯ ಸದ್ದಿಗೆ ಕೈ ಕಚ್ಚಿಕೊಳ್ಳುತ್ತಾನೆ, ಆ ಗಾಯದ ಗುರುತುಗಳು ಮಣಿಕಟ್ಟಿನಲ್ಲಿ ಉಳಿದಿವೆ. ಹದಿಹರೆಯದಲ್ಲಿ ಅಪಸ್ಮಾರ ಶುರುವಾಯಿತು. ಅವನು ನಿದ್ದೆ ಮಾಡದ ವರ್ಷಗಳಲ್ಲಿ ಅಮ್ಮನೂ ನಿದ್ದೆ ಮಾಡಲಿಲ್ಲ, ಕೊನೆಗೆ ಶಿಕ್ಷಕಿಯ ಕೆಲಸ ಬಿಟ್ಟರು. ಇವಿಷ್ಟಕ್ಕೂ ಸಮಾಜವೇ ಕಾರಣ ಎಂದು ನಾನು ಹೇಳುವುದಿಲ್ಲ. ಅಪಸ್ಮಾರಕ್ಕೆ ಸಮಾಜ ಕಾರಣವಲ್ಲ. ಇಂಥ ಮನೆಯ ದಣಿವು ಗೊತ್ತಿರುವ ತಾಯಿಯೊಬ್ಬಳು ‘ಇನ್ನೊಂದು ಮಗುವಿಗೆ ಇದು ಬೇಡ’ ಎಂದರೆ ನಾನು ಅವಳ ಜೊತೆ ವಾದಕ್ಕೆ ಇಳಿಯಲಾರೆ.

ಅವನಿಗೆ ಬಟ್ಟೆ ಮಡಚುವುದೆಂದರೆ ಪ್ರೀತಿ. ಮನೆಯ ಯಾವ ಸೀರೆಯ ಅಂಚೂ ಅರ್ಧ ಇಂಚು ಆಚೀಚೆ ಇರುವಂತಿಲ್ಲ. ಬೇಲೂರು ಬಸ್ ತಡವಾಗಿ ಬಂದರೆ ನಿರ್ವಾಹಕರಿಗೆ ನೇರವಾಗಿ ‘ಲೇಟು’ ಎನ್ನುತ್ತಾನೆ, ಅವರು ನಗುತ್ತ ಕ್ಷಮೆ ಕೇಳುತ್ತಾರೆ. ಅವನ ಬದುಕು ಬದುಕಲು ಯೋಗ್ಯ ಎಂಬುದಕ್ಕೆ ಇದನ್ನು ಪುರಾವೆಯಾಗಿ ಮುಂದಿಡುತ್ತಿಲ್ಲ. ಪುರಾವೆ ಕೇಳುವ ಅಧಿಕಾರ ಯಾರಿಗಿದೆ ಎಂಬುದೇ ನನ್ನ ಪ್ರಶ್ನೆ.

ಈ ಪತ್ರ ಬರೆಯಲು ಕುಳಿತಾಗ ಅಮ್ಮನನ್ನು ಕೇಳಿದೆ: ‘ಅಮ್ಮಾ, ಆಗ ಇಂಥ ಪರೀಕ್ಷೆ ಇದ್ದಿದ್ದರೆ ಏನು ಮಾಡುತ್ತಿದ್ದೆ?’ ಭಾವುಕವಾದ ಉತ್ತರಕ್ಕೆ ನಾನು ಸಿದ್ಧವಾಗಿದ್ದೆ. ಅವರು ಹುರುಳಿಕಾಯಿ ಬಿಡಿಸುತ್ತಲೇ ಹೇಳಿದರು: ‘ನನ್ನನ್ನು ಯಾರು ಕೇಳುತ್ತಿದ್ದರು? ನಿಮ್ಮ ಅಜ್ಜಿ, ದೊಡ್ಡಪ್ಪ ಕೂತು ತೀರ್ಮಾನ ಮಾಡಿರುತ್ತಿದ್ದರು. ನನಗೆ ಆಸ್ಪತ್ರೆಯ ಬಾಗಿಲಲ್ಲಿ ತಿಳಿಯುತ್ತಿತ್ತು.’

ಪಶ್ಚಿಮದ ದೇಶಗಳಲ್ಲಿ ಈ ಚರ್ಚೆ ನಡೆಯುವುದು ತಾಯಿಯ ಆಯ್ಕೆ ಒಂದು ಕಡೆ, ಅಂಗವಿಕಲರ ಘನತೆ ಇನ್ನೊಂದು ಕಡೆ ಎಂಬಂತೆ. ಡೆನ್ಮಾರ್ಕ್ 2004ರಿಂದ ಎಲ್ಲ ಗರ್ಭಿಣಿಯರಿಗೂ ಡೌನ್ ಸಿಂಡ್ರೋಮ್ ತಪಾಸಣೆಯ ಅವಕಾಶ ಕೊಟ್ಟಿತು. 2019ರಲ್ಲಿ ಇಡೀ ದೇಶದಲ್ಲಿ ಅಂಥ ಮಕ್ಕಳು ಹುಟ್ಟಿದ್ದು 18. ಯಾರ ಮೇಲೂ ಒತ್ತಾಯವಿರಲಿಲ್ಲ, ಒಬ್ಬೊಬ್ಬರೂ ತಮ್ಮ ಪಾಡಿಗೆ ನಿರ್ಧರಿಸಿದ್ದರು. ಆ ಮಕ್ಕಳಿಗೆ ಒಳ್ಳೆಯ ಶಾಲೆ, ಒಳ್ಳೆಯ ಆರೈಕೆ ಇರುವ ದೇಶದಲ್ಲೇ ಹೀಗಾಯಿತು. ನಮ್ಮಲ್ಲಿ ಆಯ್ಕೆ ಮಾಡುವವರು ಯಾರು ಎಂಬಲ್ಲಿಂದಲೇ ಪ್ರಶ್ನೆ ಶುರುವಾಗುತ್ತದೆ. ಆಟಿಸಂನ ‘ರಿಸ್ಕ್ ಸ್ಕೋರ್’ ಎಂಬುದು ಇಲ್ಲಿ ಗರ್ಭಿಣಿಯ ಕೈಚೀಲದಲ್ಲಿ ಉಳಿಯುವುದಿಲ್ಲ. ಅದು ಜಾತಕದ ಹಾಗೆ ಮನೆಯಿಂದ ಮನೆಗೆ ಹೋಗುತ್ತದೆ. ‘ಅವರ ವಂಶದಲ್ಲಿ ಅದಿದೆಯಂತೆ’ ಎಂಬ ಮಾತು ಸಂಬಂಧ ಕೇಳಿಕೊಂಡು ಬಂದವರ ಕಿವಿಗೆ ಬೀಳಲು ಈಗಲೇ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರಲ್ಲಿ ಕೆಲವರು ತಮ್ಮನನ್ನು ಕಂಡ ಮೇಲೆ ಕಾಫಿ ಕುಡಿದು ಮುಗಿಸುವ ವ್ಯವಧಾನವನ್ನೂ ತೋರಲಿಲ್ಲ. ಇನ್ನು ಮುಂದೆ ಅವರ ಕೈಯಲ್ಲಿ ಅಂಕೆಯಿರುವ ಕಾಗದವೂ ಇರುತ್ತದೆ.

ದೂರು ಬಂದು ನಿಲ್ಲುವುದು ಮತ್ತೆ ತಾಯಿಯ ಮೇಲೆಯೇ. ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣ ಎಂದು ಎರಡು ದಶಕಗಳ ಕಾಲ ಮನೋವೈದ್ಯರೇ ನಂಬಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಆಟಿಸಂಗೆ ನಂಟು ಕಲ್ಪಿಸಿ, ಬಸುರಿಯರು ಜ್ವರದ ಪ್ಯಾರಾಸಿಟಮಾಲ್ ನುಂಗಬಾರದು ಎಂದರು; ಸ್ವೀಡನ್ನಿನ ಸುಮಾರು 25 ಲಕ್ಷ ಮಕ್ಕಳ ದಾಖಲೆಗಳಲ್ಲಿ ಒಡಹುಟ್ಟಿದವರನ್ನು ಹೋಲಿಸಿ ನೋಡಿದಾಗ ಅಂಥ ಸಂಬಂಧ ಕಂಡಿರಲಿಲ್ಲ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ಪರೀಕ್ಷೆ ಬಂದ ಮರುದಿನವೇ ನಮ್ಮ ಬೀದಿಯಲ್ಲಿ ಕೇಳಿಬರುವ ಮಾತು ನನಗೆ ಗೊತ್ತು: ‘ಪರೀಕ್ಷೆ ಮಾಡಿಸಿರಲಿಲ್ಲವೇ?’ ಗೊತ್ತಿದ್ದೂ ಹೆತ್ತಳು ಎಂದ ಮೇಲೆ ಶಾಲೆಯಾಗಲಿ ವಿಮೆಯಾಗಲಿ ಸರ್ಕಾರವಾಗಲಿ ಅವಳಿಗೇಕೆ ನೆರವಾಗಬೇಕು?

ಕಾಗದದ ಮೇಲೆ ಈ ದೇಶ ಆಟಿಸಂ ಇರುವವರನ್ನು ಮರೆತಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅವರಿದ್ದಾರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿಯೂ ಇದ್ದಾರೆ. ನಿಮ್ಮ ಮಂಡಳಿಯಲ್ಲಿ ಅವರಿಲ್ಲ. ಕಾಯ್ದೆಯ 7ನೇ ಕಲಮು ತಳಿವೈದ್ಯ ತಜ್ಞರು, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸಮಾಜವಿಜ್ಞಾನಿಗಳು, ಮಹಿಳಾ ಸಂಘಟನೆಗಳ ಪ್ರತಿನಿಧಿಗಳು ತಲಾ ಇಬ್ಬರು ಎನ್ನುತ್ತದೆ. ಮೂವರು ಸಂಸದೆಯರೂ ಇದ್ದಾರೆ. ಹೆಣ್ಣು ಭ್ರೂಣದ ಬಗ್ಗೆ ಮಾತಾಡುವಾಗ ಹೆಣ್ಣುಮಕ್ಕಳು ಮೇಜಿನ ಸುತ್ತ ಇರಬೇಕೆಂದು 1994ರಲ್ಲಿಯೇ ಹೊಳೆದಿತ್ತು. ‘ಇತರ ವೈಪರೀತ್ಯ’ಗಳ ಬಗ್ಗೆ ತೀರ್ಮಾನಿಸುವಾಗ ಆ ‘ವೈಪರೀತ್ಯ’ ಇರುವವರೂ ಇರಬೇಕೆಂದು ಮೂರು ದಶಕಗಳಾದರೂ ಹೊಳೆದಿಲ್ಲ. ಬ್ರಿಟನ್ನಿನಲ್ಲಿ 2021ರಲ್ಲಿ ಆಟಿಸಂ ಇರುವ ಹತ್ತು ಸಾವಿರ ಜನರ ಡಿಎನ್‌ಎ ಸಂಗ್ರಹಿಸಲು ಹೊರಟ ದೊಡ್ಡ ಸಂಶೋಧನೆ, ನಮ್ಮ ಡಿಎನ್‌ಎ ನಾಳೆ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಆ ಜನರೇ ಎದ್ದುನಿಂತು ಕೇಳಿದ್ದಕ್ಕೆ ಕೆಲವೇ ವಾರಗಳಲ್ಲಿ ನಿಂತಿತು. ನಮ್ಮಲ್ಲಿ ಕೇಳುವವರಿದ್ದರೂ ಅವರ ಪ್ರಶ್ನೆಯನ್ನು ತಲುಪಿಸುವ ವಿಳಾಸವಿಲ್ಲ.

ನಾನು ಕೇಳುತ್ತಿರುವುದನ್ನು ತಪ್ಪು ತಿಳಿಯಬಾರದೆಂದು ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಗರ್ಭಪಾತದ ಕಾಯ್ದೆಯ ಒಂದು ಅಕ್ಷರವನ್ನೂ ಮುಟ್ಟಬೇಡಿ. 20 ಮತ್ತು 24 ವಾರಗಳ ಮಿತಿಗಳನ್ನು ಕುಗ್ಗಿಸಿ ಎಂದು ನನ್ನ ಪತ್ರವನ್ನು ತೋರಿಸಿ ಕೇಳುವವರು ಬಂದರೆ ಅವರು ನನ್ನವರಲ್ಲ. ಬೌದ್ಧಿಕ ಅಂಗವೈಕಲ್ಯವಿದ್ದ ಚಂಡೀಗಡದ ಯುವತಿಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ತಡೆದು, ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದಿತು. ಹೆರುವ, ಹೆರದಿರುವ ತೀರ್ಮಾನ ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದೂ ಹೇಳಿತು. ಅದೇ ತೀರ್ಪು, ಒಳ್ಳೆಯ ತಳಿಯ ಹೆಸರಿನಲ್ಲಿ ಇಂಥವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಹಳೆಯ ಸಿದ್ಧಾಂತವನ್ನು ಪ್ರಜಾಪ್ರಭುತ್ವಕ್ಕೆ ವಿರೋಧವಾದದ್ದು ಎಂದು ತಳ್ಳಿಹಾಕಿತು. ಎರಡೂ ಮಾತು ಒಂದೇ ತೀರ್ಪಿನಲ್ಲಿವೆ. ನಿಮ್ಮ ಕೈ ಹೋಗಬೇಕಾದದ್ದು ಗರ್ಭಿಣಿಯ ಕಡೆಗಲ್ಲ, ಮಾರುವವನ ಕಡೆಗೆ.

ಅದಕ್ಕೆ ಬೇಕಾದ ದಾರಿ ನಮ್ಮ ಕಾನೂನುಗಳಲ್ಲಿಯೇ ಇದೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, ಪ್ರನಾಳದ ಭ್ರೂಣಗಳ ತಪಾಸಣೆಯನ್ನು ಈಗಾಗಲೇ ತಿಳಿದಿರುವ ಆನುವಂಶಿಕ ರೋಗಗಳಿಗೆ ಮಾತ್ರ ಸೀಮಿತಗೊಳಿಸಿದೆ. ಅಮೆರಿಕದಲ್ಲಿ ಭ್ರೂಣಗಳಿಗೆ ಬುದ್ಧಿಮತ್ತೆಯಿಂದ ಹಿಡಿದು ಎಲ್ಲದಕ್ಕೂ ಅಂಕ ಕೊಡುವ ಕಂಪನಿಗಳು ಹುಟ್ಟಿಕೊಂಡಿರುವ ಈ ದಿನಗಳಲ್ಲಿ ಅದು ವಿವೇಕದ ಸಾಲು. ನಿಮ್ಮ ಕಾಯ್ದೆಯ 4ನೇ ಕಲಮಿಗೂ ಅದೇ ಅರ್ಥ ಬರುವಂತೆ ಮಂಡಳಿ ಒಂದು ನಿರ್ಣಯ ಮಾಡಲಿ: ಅನೇಕ ಜೀನ್‌ಗಳ ಸರಾಸರಿಯಿಂದ ತೆಗೆದ ಆಟಿಸಂನ ಸಂಭವದ ಅಂಕೆ ಪರೀಕ್ಷೆಗೆ ಕಾರಣವಾಗುವಂತಿಲ್ಲ, ವರದಿಯಲ್ಲಿ ಬರುವಂತೆಯೂ ಇಲ್ಲ. ಬೇರೆ ಕಾರಣಕ್ಕೆ ಮಾಡಿದ ಪರೀಕ್ಷೆಯಲ್ಲಿ ವರ್ಣತಂತುವಿನ ವ್ಯತ್ಯಾಸ ಕಂಡರೆ, ಅಂಥ ವ್ಯತ್ಯಾಸ ಇರುವವರು ಹೇಗೆಲ್ಲ ಬದುಕುತ್ತಿದ್ದಾರೆ ಎಂಬ ಪೂರ್ತಿ ಹರವು ವರದಿಯಲ್ಲಿರಲಿ, ಕನ್ನಡದಲ್ಲಿರಲಿ. ಲಿಂಗ ಪತ್ತೆಯ ಜಾಹೀರಾತನ್ನು 22ನೇ ಕಲಮು ತಡೆಯುವಂತೆಯೇ ಇಂಥ ಅಂಕೆಗಳ ಜಾಹೀರಾತನ್ನೂ ತಡೆಯಲು ತಿದ್ದುಪಡಿ ಸೂಚಿಸಿ. ಸಮಾಲೋಚನೆ ಮಾಡುವವರು ಪ್ರಯೋಗಾಲಯದಿಂದ ಸಂಬಳ ಪಡೆಯುವವರಾಗಿರಬಾರದು. ಅವರು ಗರ್ಭಿಣಿಯ ಜೊತೆ ಒಮ್ಮೆಯಾದರೂ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಬೇಕು. ಅತ್ತೆ, ಗಂಡ, ಮಾವ ಹೊರಗೆ ಬೆಂಚಿನ ಮೇಲೆ ಕಾಯಲಿ. ನನ್ನ ಅಮ್ಮನಿಗೆ ಸಿಗದೇ ಹೋಗುತ್ತಿದ್ದ ಆ ಹದಿನೈದು ನಿಮಿಷಗಳು ಬೇರೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ.

ಕಾನೂನು ಮಾಡಿದರೆ ದಂಧೆ ಆಲೆಮನೆಗೆ ಹೋಗುತ್ತದೆ ಎನ್ನುವವರಿದ್ದಾರೆ. ಸ್ಕ್ಯಾನಿಂಗ್ ಯಂತ್ರವನ್ನು ವ್ಯಾನಿನಲ್ಲಿ ಸಾಗಿಸಬಹುದು. ಜೀನ್‌ಗಳನ್ನು ಓದುವುದು ಹಾಗಲ್ಲ. ಅದಕ್ಕೆ ನೋಂದಾಯಿತ ಪ್ರಯೋಗಾಲಯ, ಕೊರಿಯರ್, ಬಿಲ್ಲು, ಕಂಪನಿಯ ಹೆಸರು ಎಲ್ಲವೂ ಬೇಕು. ಹಿಡಿಯಬೇಕೆಂದರೆ ಹಿಡಿಯಬಹುದು.

ಮಂಡಳಿ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ಆಟಿಸಂ ಇರುವ ವಯಸ್ಕರನ್ನು ಅಭಿಪ್ರಾಯ ಹೇಳಲು ಕರೆಯಿರಿ. ಕರೆಯುವುದಾದರೆ ಕೆಲವು ಸಿದ್ಧತೆಗಳು ಬೇಕಾಗುತ್ತವೆ. ಪ್ರಶ್ನೆಗಳನ್ನು ಎರಡು ವಾರ ಮೊದಲೇ ಬರವಣಿಗೆಯಲ್ಲಿ ಕಳುಹಿಸಿ. ಮಾತಾಡದೆ ಟೈಪ್ ಮಾಡಿ ಉತ್ತರಿಸುವವರಿಗೆ ಅಷ್ಟು ಸಮಯ ಕೊಡಿ. ಮಿಣುಕುವ ಟ್ಯೂಬ್‌ಲೈಟುಗಳನ್ನು ತೆಗೆಸಿ, ಕಿರುಚುವ ಮೈಕನ್ನು ಬದಿಗಿಡಿ, ಪಕ್ಕದಲ್ಲಿ ಒಂದು ಖಾಲಿ ಕೋಣೆಯಿರಲಿ. ಜೊತೆಗೆ ಬರುವ ಒಬ್ಬರ ಪ್ರಯಾಣದ ಖರ್ಚನ್ನೂ ಕೊಡಬೇಕಾಗುತ್ತದೆ. ಇದ್ಯಾವುದಕ್ಕೂ ಕಾಯ್ದೆಯ ತಿದ್ದುಪಡಿ ಬೇಕಿಲ್ಲ.

ಇಂತಿ,
ಒಬ್ಬ ಅಕ್ಕ,
ಹಾಸನ